ಶೂ ಬಿಚ್ಚದ ಮಗಳು

ಮಗಳು ಮಲಗುವಾಗಲೂ ಶೂ ಬಿಚ್ಚುವುದಿಲ್ಲ. ಜೀವ ಉಳಿಸಿಕೊಳ್ಳಲು ಊರು ಬಿಟ್ಟು ಈ ದೇಶಕ್ಕೆ ಓಡಿ ಬಂದ ಮೇಲೆ ಹಿಡಿದ ಹಟ ಇದು. ಗದರಿದ್ದಾಯಿತು, ಮುದ್ದು ಮಾಡಿದ್ದಾಯಿತು, ನಿದ್ದೆಯಲ್ಲಿದ್ದಾಗ ಮೆಲ್ಲಗೆ ಎಳೆಯಲು ಹೋಗಿ ಒದೆ ತಿಂದದ್ದೂ ಆಯಿತು. ಅಪ್ಪ ಕೈಚೆಲ್ಲಿ ಕೂತಿದ್ದ. ತಾಯಿ ಹೋಟೆಲುಗಳ ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ದುಡಿಯುತ್ತಾಳೆ. ಲೋಕದವರ ಹಾಸಿಗೆಯೆಲ್ಲ ಅವಳ ಕೈಯಲ್ಲಿ ಬೆಳ್ಳಗಾಗುತ್ತದೆ, ಮನೆಗೆ ಬಂದರೆ ತನ್ನ ಹಾಸಿಗೆಯ ತುಂಬ ಮಣ್ಣು. ಅವಳಿಗೆ ಸಾಕುಸಾಕಾಗಿತ್ತು.

"ಫೋನಲ್ಲಿ ಚಿತ್ರ ಬಿಡಿಸೋದು ಕಲಿಸೋ ಟೀಚರ್ ಬರ್ತಾರೆ, ಮಗಳನ್ನ ಸೇರಿಸಿ ನೋಡು," ಎಂದಳು ಇಸ್ತ್ರಿ ಅಕ್ಕ. ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಆಕೆಯೂ ಇವರ ಕಡೆಯವಳೇ, ಇವರಿಗಿಂತ ಮೊದಲೇ ಓಡಿ ಬಂದವಳು.

"ಚಿತ್ರ ಬಿಡಿಸಿದ್ರೆ ಶೂ ಬಿಚ್ತಾಳಾ ಅಕ್ಕಾ? ನನಗೆ ನಿಂತ್ಕೊಳ್ಳೋಕೂ ತ್ರಾಣ ಇಲ್ಲ."

"ಬರೀ ಚಿತ್ರ ಕಲಿಸೋರಲ್ಲ ಕಣೇ. ಹೆದರಿದ ಮಕ್ಕಳ ಜೊತೆ ಹೇಗಿರಬೇಕು ಅಂತ ಓದಿಕೊಂಡೋರು. ನಮ್ಮ ಭಾಷೆ ಬರೋರು ಈ ಊರಲ್ಲಿ ಯಾರಿದ್ದಾರೆ ಹೇಳು? ಅವರು ಎಲ್ಲೋ ದೂರದಲ್ಲಿದ್ದಾರೆ, ಅದಕ್ಕೇ ಫೋನು. ನನ್ನ ಮಗ ಮಾತೇ ಬಿಟ್ಟಿದ್ದ. ಒಂದೇ ದಿನಕ್ಕೆ ಸರಿಹೋಗಲಿಲ್ಲ, ಆದ್ರೆ ಈಗ ಅವನ ಬಾಯಿ ಮುಚ್ಚಿಸೋದೇ ಕಷ್ಟ."

ಸೇರಿಸಿದಳು. ರಜೆಯ ದಿನ ಡಬ್ಬಿಗೆ ಒರಗಿಸಿದ ಫೋನಿನ ಮುಂದೆ ಮಗಳು, ಪಕ್ಕದಲ್ಲಿ ತಾಯಿಯ ಕಾವಲು. ಮಗಳು ಕಪ್ಪು ಪೆನ್ಸಿಲ್ ಎತ್ತಿದರೆ ಸಾಕು, ತಾಯಿ ಕಸಿದು ಹಳದಿ ಕೊಡುತ್ತಿದ್ದಳು. "ಸೂರ್ಯ ಬಿಡಿಸು. ಹೂವು ಬಿಡಿಸು." ಈ ದೇಶದಲ್ಲಿ ಉಳಿಯಲು ಕೊಟ್ಟ ಅರ್ಜಿ ಇನ್ನೂ ಕಚೇರಿಯಲ್ಲೇ ಕೂತಿತ್ತು. ಮಗಳು ಏನಾದರೂ ಗೀಚಿ, ಅದು ಅಧಿಕಾರಿಗಳ ಕಣ್ಣಿಗೆ ಬಿದ್ದು, ತಮ್ಮನ್ನು ವಾಪಸ್ಸು ಅಟ್ಟಿದರೆ?

ಹಾಳೆಯ ಮೇಲೆ ಹಾಳೆ ಸೂರ್ಯನೇ ಹುಟ್ಟಿದ. ಶೂ ಮಾತ್ರ ಕಾಲಲ್ಲೇ ಇತ್ತು.

ಒಂದು ದಿನ ಟೀಚರ್ ಕೇಳಿದರು, "ಅಮ್ಮಾ, ಕಪ್ಪು ಬಣ್ಣ ಕಂಡ್ರೆ ನಿಮಗೆ ಭಯಾನಾ?"

ತಾಯಿ ಕೊನೆಗೂ ಬಾಯಿಬಿಟ್ಟಳು. "ಇದೆಲ್ಲ ಕಚೇರಿಗೆ ಹೋಗುತ್ತಲ್ಲ ಮೇಡಂ."

"ಇಲ್ಲಮ್ಮ. ಹಾಳೆ ನಿಮ್ಮ ಮನೇಲೇ ಇರುತ್ತೆ. ನಿಮ್ಮನ್ನ ಕೇಳದೆ ನಾನು ಯಾರಿಗೂ ತೋರಿಸಲ್ಲ. ಇವತ್ತು ಅವಳಿಗೆ ಬೇಕಾದ ಬಣ್ಣ ಅವಳೇ ತಗೊಳ್ಳಲಿ. ನೀವೂ ಒಂದು ಹಾಳೆ ತಗೊಳ್ಳಿ."

ತಾಯಿಗೆ ಪೂರ್ತಿ ನಂಬಿಕೆ ಬರಲಿಲ್ಲ, ಆದರೆ ವಾದ ಮಾಡುವಷ್ಟು ಶಕ್ತಿಯೂ ಇರಲಿಲ್ಲ. ಮಗಳು ಕಪ್ಪು ಪೆನ್ಸಿಲ್ಲಿನಲ್ಲಿ ಒಂದು ದಾರಿ ಬಿಡಿಸಿದಳು. ದಾರಿಯಲ್ಲಿ ಓಡುವ ಅಪ್ಪ, ಅಮ್ಮ, ತಾನು. ಆಮೇಲೆ ಎಲ್ಲರ ಪಾದಗಳಿಗೂ ಕೆಂಪು ತುಂಬಿದಳು.

"ಯಾರಿಗೂ ಚಪ್ಪಲಿ ಇರಲಿಲ್ಲ," ಎಂದಳು. "ಮತ್ತೆ ಓಡಬೇಕಾಗಿ ಬಂದ್ರೆ?"

ತಾಯಿ ಆ ಕೆಂಪು ಪಾದಗಳನ್ನೇ ನೋಡಿದಳು. ಅವರು ಬರಿಗಾಲಲ್ಲೇ ಬಂದದ್ದು ನಿಜ. ಮನೆಯಲ್ಲಿ ಆಮೇಲೆ ಯಾರೂ ಆ ಮಾತೆತ್ತಿರಲಿಲ್ಲ. ತಾನು ಹಟವೆಂದುಕೊಂಡದ್ದು ಭಯವಾಗಿತ್ತು. ಅವಳು ತನ್ನ ಹಾಳೆಯಲ್ಲಿ ಸೊಟ್ಟಗೆ ಒಂದು ಹಾಸಿಗೆ ಬಿಡಿಸಿ, ಪಕ್ಕದಲ್ಲಿ ಮೂರು ಜೊತೆ ಶೂ ಬಿಡಿಸಿದಳು.

"ಇದು ಶೂನಾ ಅಮ್ಮಾ? ಆಲೂಗಡ್ಡೆ ಥರ ಇದೆ."

"ಶೂನೇ. ಎಲ್ಲರದೂ ಕೈಗೆ ಸಿಗೋ ಹಾಗೆ ಇಲ್ಲೇ ಇಟ್ಟಿರೋಣ. ಓಡೋದಾದ್ರೂ ಮೊದಲು ನಿನಗೆ ಹಾಕಿಯೇ ಓಡೋದು."

ಆ ದಿನ ಮಗಳು ಬಿಚ್ಚಲಿಲ್ಲ. ಮುಂದಿನ ವಾರವೂ ಇಲ್ಲ. ತಾಯಿ ಗದರಲು ಹೋಗದೆ, ದಿನಾ ತನ್ನ ಮತ್ತು ಗಂಡನ ಶೂ ತಂದು ಹಾಸಿಗೆಯ ಪಕ್ಕ ಇಡತೊಡಗಿದಳು. ಒಂದು ಸಂಜೆ ಅವಳು ಕೆಲಸ ಮುಗಿಸಿ ಬಂದಾಗ ಮಗಳಿಗೆ ನಿದ್ದೆ ಹತ್ತಿತ್ತು. ಅಪ್ಪನ ಶೂಗಳ ಪಕ್ಕ ಪುಟ್ಟ ಶೂಗಳಿದ್ದವು, ಒಂದರ ಲೇಸು ಮಗಳ ಮುಷ್ಟಿಯಲ್ಲಿತ್ತು. ತಾಯಿ ತನ್ನದನ್ನೂ ಬಿಚ್ಚಿ ಆ ಸಾಲಿನಲ್ಲಿಟ್ಟು, ಮಗಳ ಬರಿಯ ಪಾದ ಹಿಡಿದು ಕೂತು ಅತ್ತಳು.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹೀಗೆ ಓಡಿ ಬಂದ ಮಗುವಿದೆಯೇ? ಫೋನಿನಲ್ಲಿ ಇಂಥ ನೆರವು ಸಿಗುತ್ತದೆಯೇ ಎಂದು ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ವಿಚಾರಿಸಿ. ಚಿತ್ರ ಯಾರ ಕೈಗೆ ಹೋಗುತ್ತದೆಂದು ಧೈರ್ಯವಾಗಿ ಕೇಳಿ, ಅದು ನಿಮ್ಮ ಹಕ್ಕು. ಚೆನ್ನಾಗಿ ಚಿತ್ರ ಬಿಡಿಸಲು ಬರಬೇಕೆಂದೇನೂ ಇಲ್ಲ. ಎಷ್ಟೇ ದಣಿದಿದ್ದರೂ ಸ್ವಲ್ಪ ಹೊತ್ತು ಮಗುವಿನ ಪಕ್ಕ ಕೂರಿ, ನೀವೂ ಬಿಡಿಸಿ. ಅದರ ಕೈಯಿಂದ ಕಪ್ಪು ಪೆನ್ಸಿಲ್ ಮಾತ್ರ ಕಸಿಯಬೇಡಿ.