ಗೋಡೆಗೆ ಹೊದಿಸಿದ ಕಂಬಳಿ

ಸತ್ತವರ ಗುಡಾರದಲ್ಲಿ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಅಳಬೇಕು. ಬೆಳಿಗ್ಗೆಯಿಂದ ನಾನೂ ಸೊಂಟದ ಮೇಲೆ ಕೈಯಿಟ್ಟು ಅಳುತ್ತಿದ್ದೆ. ಸುಳ್ಳೇಕೆ ಹೇಳಲಿ, ಅರ್ಧ ಅಳು ಶಾಸ್ತ್ರಕ್ಕೆ. ಹನ್ನೊಂದರ ಹೊತ್ತಿಗೆ ಕಣ್ಣೊರೆಸಿಕೊಂಡು ತಲೆಯೆತ್ತಿದೆ. ಮೂಗಿನ ಮುಂದೆಯೇ, ಗುಡಾರದ ಮರದ ಜಾಲರಿಗೆ ಗೋಡೆಯಾಗಿ ಸುತ್ತಿದ ದಪ್ಪ ಉಣ್ಣೆಯ ಕಂಬಳಿ. ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಬಲ 4’ ಎಂದು ಬರೆದಿತ್ತು. ನನ್ನದೇ ಅಕ್ಷರ.

ಅಳು ಅಲ್ಲಿಗೇ ನಿಂತಿತು.

ಆ ಕಂಬಳಿ ಇರಬೇಕಾದದ್ದು ಅಣೆಕಟ್ಟಿನ ಸುರಂಗದೊಳಗೆ, ನೀರಿಗೆ ಅಡ್ಡವಾಗಿ ಒಂಬತ್ತು ದಿನದ ಹಿಂದೆ ನಾವು ಕಾಂಕ್ರೀಟ್ ಸುರಿದು ಕಟ್ಟಿದ ಗೋಡೆಯ ಮೇಲೆ, ಬಲಬದಿಯ ನಾಲ್ಕನೆಯದಾಗಿ. ಹೊಸ ಕಾಂಕ್ರೀಟ್ ಒಳಗೊಳಗೇ ಕಾಯುತ್ತದೆ. ಒಳಗೆ ಅರವತ್ತು ಡಿಗ್ರಿ ಇರುವಾಗ ಹೊರಮೈಗೆ ಚಳಿಗಾಳಿ ಬಡಿದರೆ ಮೈ ಕುಗ್ಗಿ ಬಿರುಕು ಬಿಡುತ್ತದೆ. ಗೋಡೆಯ ಆಚೆ, ಅಣೆಕಟ್ಟಿನಲ್ಲಿ ತುಂಬುತ್ತಿದ್ದ ನಾರಿನ್ ನದಿ ದಿನಕ್ಕೆ ಎರಡು ಮೀಟರ್ ಏರುತ್ತಿತ್ತು. ಈಚೆ ನನ್ನ ಗಂಡ ತಾಲಾಯ್ ಇದ್ದ.

ಹೊದಿಕೆಯ ಸಾಮಾನು ಬಿಷ್ಕೆಕ್‌ನಿಂದ ಬರಲೇ ಇಲ್ಲ. ಆಗ ನಾವೆಲ್ಲ ಬೈಕೆ, ಅಂದರೆ ಅಣ್ಣ, ಎಂದು ಕರೆಯುವ ಮೇಸ್ತ್ರಿ ಓಮುರ್ ತನ್ನ ತಾಯಿಯ ಗುಡಾರದ ಕಂಬಳಿಗಳನ್ನೇ ತಂದು ಹೊದಿಸಿದ್ದ. ನಿನ್ನೆ ಆ ತಾಯಿ ತೀರಿಕೊಂಡಳು. ಹೆಣವನ್ನು ಗುಡಾರದಲ್ಲಿ ಮಲಗಿಸದಿದ್ದರೆ ಮಗ ಮತ್ತೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಬೆಳಗಿನ ಜಾವ ಸುರಂಗದ ಗೋಡೆಯಿಂದ ಬಿಚ್ಚಿಕೊಂಡು ಬಂದಿದ್ದಾರೆ. ನನ್ನನ್ನು ಯಾರೂ ಕೇಳಿಲ್ಲ. ಯಾಕೆ ಕೇಳಬೇಕು? ಅವರ ಮನೆಯ ಕಂಬಳಿ.

ಕಚೇರಿಗೆ ಓಡಿದೆ. ಗೋಡೆ ಯಾವಾಗ ಎಲ್ಲಿ ಬಿರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ನನ್ನ ಕೆಲಸ. ಕಂಬಳಿ ಇಲ್ಲ, ಮೈನಸ್ ಹದಿನೇಳರ ಗಾಳಿ ಎಂದು ತುಂಬಿಸಿದೆ. ಉತ್ತರ ಬರಲು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ನನ್ನ ಶತ್ರುವಿಗೂ ಬೇಡ. ಕೊನೆಗೆ ಪರದೆಯ ಮೇಲೆ ಗೋಡೆಯ ಬಲ ಮೂಲೆ ಕೆಂಪಗಾಯಿತು. ಸಂಜೆ ನಾಲ್ಕಕ್ಕೆ ಬಿರುಕು ಶುರು, ಕತ್ತಲಾಗುವಷ್ಟರಲ್ಲಿ ಆಚೆಬದಿಯ ನೀರಿಗೆ ದಾರಿ.

ಸುರಂಗಕ್ಕೆ ಫೋನ್ ಮಾಡಿದೆ. “ತಾಲಾಯ್, ಈಗಲೇ ಹೊರಗೆ ಬಾ.”

“ಏನೇ, ಇಷ್ಟು ಬೇಗ ನನ್ನ ನೆನಪಾಯ್ತಾ?”

“ತಮಾಷೆ ಸಾಕು! ಗೋಡೆ ಬಿರುಕು ಬಿಡತ್ತೆ.”

“ನಾನು ಬಂದ್ರೆ ಪಂಪ್ ಯಾರು ನೋಡ್ತಾರೆ? ಗೋಡೆ ಒಳಗಿನ ಕೊಳವೆಗೆ ತಣ್ಣೀರು ಹೋಗೋದು ನಿಂತ್ರೆ ಒಳಗಿನ ಬಿಸಿ ಇನ್ನೂ ಏರತ್ತೆ ಅಂತ ಹೇಳಿಕೊಟ್ಟೋಳು ನೀನೇ ಅಲ್ವಾ?”

ಹೌದು, ನಾನೇ. ಆ ಕ್ಷಣ ನನ್ನ ವಿದ್ಯೆಗೆ ಬೆಂಕಿ ಬೀಳಲಿ ಅನ್ನಿಸಿತು. ಮನೆಮನೆಯ ರಜಾಯಿ ಒಯ್ಯೋಣವೆಂದರೆ, ಒದ್ದೆ ಗೋಡೆಯ ಮೇಲೆ ಹತ್ತಿ ನೆನೆದು ಮುದ್ದೆಯಾಗುತ್ತದೆ. ನೆನೆದರೂ ಬೆಚ್ಚಗಿಡುವುದು ಉಣ್ಣೆ ಮಾತ್ರ.

ಓಮುರ್ ಬೈಕೆ ಗುಡಾರದ ಹೊರಗೆ, ಸತ್ತವರ ಮಗ ನಿಲ್ಲಬೇಕಾದಂತೆ ಕೋಲೂರಿ ಬಾಗಿ ನಿಂತು, ಬಂದವರಿಗೆಲ್ಲ ಕೇಳುವಂತೆ ತಾಯಿಯನ್ನು ಕರೆದು ಅಳುತ್ತಿದ್ದ. ದಿನಾ ನನ್ನನ್ನು, ನಲವತ್ತೊಂದು ಕಾಳು ಹರಡಿ ಕಣಿ ಹೇಳುವ ಊರ ಮುದುಕಿಯರಂಥವಳೆಂದು ರೇಗಿಸುವ ಮನುಷ್ಯ. ಹೆಣವಿರುವ ಗುಡಾರದ ಹೊದಿಕೆ ಕೊಡು ಎಂದು ಮಗನನ್ನು ಕೇಳುವುದು ಹೇಗೆ?

“ಬೈಕೆ, ಬಲ ನಾಲ್ಕು ಇಲ್ಲಿದೆ.”

“ಒಂಬತ್ತು ದಿನ ಆಯ್ತಲ್ಲ ತಂಗಿ. ನಾವು ಹಿಂದೆ ಏಳಕ್ಕೇ ಬಿಚ್ತಿದ್ವಿ. ಗೋಡೆ ಗಟ್ಟಿಯಾಗಿದೆ.”

“ಹಿಂದೆ ಕಟ್ಟಿದ್ದು ತೆಳು ಗೋಡೆ. ಇದು ಎಂಟು ಮೀಟರ್ ದಪ್ಪ, ಒಳಗೆ ಇನ್ನೂ ಕುದೀತಿದೆ.”

“ನಲವತ್ತೊಂದು ಕಾಳು ಹಾಕಿ ನೋಡಿದ್ಯಾ?”

“ನೋಡಿದೆ. ನಾಲ್ಕು ಗಂಟೆ ಅಂತಿದೆ. ತಾಲಾಯ್ ಒಳಗಿದ್ದಾನೆ.”

ಅವನ ಮುಖ ಬೂದಿಯಾಯಿತು. ನೆರೆದ ಹಿರಿಯರಲ್ಲೊಬ್ಬರು ಗದರಿದರು: “ಓಮುರ್, ಅವ್ವನ್ನ ಬಯಲಲ್ಲಿ ಮಲಗಿಸ್ತೀಯೇನೋ?”

ಬೈಕೆ ಕೋಲನ್ನು ಅವರ ಕೈಗೇ ಕೊಟ್ಟ. “ಈ ಕಂಬಳಿ ಕೊಟ್ಟಿದ್ದು ಅವ್ವನೇ. ಕೊಟ್ಟಿದ್ದನ್ನ ವಾಪಸ್ ಕೇಳೋಳಲ್ಲ ಅವಳು. ವಾಪಸ್ ತಂದಿದ್ದು ನಾನು.” ಹಾಗೆಂದು ತಾನೇ ಮೊದಲ ಹಗ್ಗ ಬಿಚ್ಚಿದ.

ಒಳಗಿದ್ದ ಹೆಂಗಸರು ಚೀರಿದರು. ಆದರೆ ಯಾರೂ ಎದ್ದು ಹೋಗಲಿಲ್ಲ.

ಎರಡೂವರೆಗೆ ಕಂಬಳಿಗಳೆಲ್ಲ ಮತ್ತೆ ಸುರಂಗದ ಗೋಡೆಗೇರಿದವು. ಅವುಗಳನ್ನು ಲಾರಿಯಲ್ಲಿ ತಂದು ಹೊದಿಸಿದ ಊರ ಗಂಡಸರು ಹೊರಟರು. ನಾನು ಬಲ ಮೂಲೆಯಲ್ಲಿ ಕಂಬಳಿಯ ಕೆಳಗೆ ಅಂಗೈ ತೂರಿಸಿ ನಿಂತೆ. ತಾಲಾಯ್ ಪಂಪಿನ ಪಕ್ಕದಿಂದ ನನ್ನನ್ನೇ ನೋಡುತ್ತಿದ್ದ. ನಾಲ್ಕಾಯಿತು. ಎಲ್ಲೋ ‘ಟಕ್’ ಎಂದಿತು. ನನ್ನ ಜೀವವೇ ಹಾರಿಹೋಯಿತು. ಟಾರ್ಚ್ ಹಾಕಿ ನೋಡಿದರೆ ಕೂದಲೆಳೆಯಂಥ ಗೀಟು, ಗೇಣುದ್ದ. ಐದಕ್ಕೂ ಗೇಣುದ್ದ. ಆರಕ್ಕೂ ಅಷ್ಟೇ. ಕಲ್ಲಿನಂತೆ ತಣ್ಣಗಿದ್ದ ಗೋಡೆಯ ಮೈ ಅಂಗೈಗೆ ಮೆಲ್ಲಗೆ ಬೆಚ್ಚಗಾಗುತ್ತಿತ್ತು.

ಊರಿಗೆ ಮರಳಿದಾಗ ಹಿಮ ಬೀಳುತ್ತಿತ್ತು. ಬರೀ ಮರದ ಜಾಲರಿಯಾಗಿ ನಿಂತಿದ್ದ ಗುಡಾರದೊಳಗೆ ಹೆಂಗಸರು ಬಯಲಿಗೆ ಮುಖ ಮಾಡಿ ಅಳುತ್ತಿದ್ದರು. ಮುದುಕಿಯ ಮೇಲೆ ಯಾರೋ ತಮ್ಮ ಮದುವೆಯ ರಜಾಯಿ ಹೊದಿಸಿದ್ದರು. ಬೈಕೆ ಮತ್ತೆ ಕೋಲೂರಿ ನಿಂತಿದ್ದ, ಟೋಪಿಯ ಮೇಲೆ ಹಿಮ.

“ಏನಂತೆ ಕಾಳು?”

“ಗೋಡೆ ನಿಂತಿದೆ ಬೈಕೆ.”

ಅವನು ತಲೆಯಾಡಿಸಿ, ಬಾಗಿ, “ಅವ್ವಾ, ಚಳಿಯಾಗ್ತಿದೆಯೇನವ್ವಾ” ಎಂದು ಗಟ್ಟಿಯಾಗಿ ಅತ್ತ. ನಾನು ಒಳಹೋಗಿ ನನ್ನ ಜಾಗದಲ್ಲಿ ಕೂತೆ. ಆಗ ಬಂದ ಅಳು ಶಾಸ್ತ್ರದ್ದಾಗಿರಲಿಲ್ಲ.