ಬಲ ಹಾಕ್ಬೇಕಂತೆ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಮನೆಗೊಬ್ಬನಿದ್ದರೆ ಹೇಗೋ ಸುಧಾರಿಸಬಹುದು. ಪುಟ್ಟಿಯ ಹಣೆಬರಹಕ್ಕೆ ಇಬ್ಬರಿದ್ದರು: ಕಟ್ಟಿಕೊಂಡ ಗಂಡ, ಒಡಹುಟ್ಟಿದ ಅಣ್ಣ. ಮೊಣಕಾಲು ನೋಯುವ ವಯಸ್ಸಾದರೂ ಅವಳು ಇಬ್ಬರಿಗೂ ಪುಟ್ಟಿಯೇ. ಹೋದ ಮಳೆಗಾಲದಲ್ಲಿ ಗಂಡನ ಟ್ರಕ್ಕು ಕೆಸರಿನಲ್ಲಿ ಹೂತಾಗ ಅಣ್ಣ ಟ್ರ್ಯಾಕ್ಟರ್ ತಂದು ಎಳೆದಿದ್ದ. ಟ್ರಕ್ಕು ಅಲ್ಲೇ ಉಳಿಯಿತು, ಮುಂದಿನ ಬಂಪರ್ ಮಾತ್ರ ಕಿತ್ತು ಬಂತು. ಎಳೆದವನದು ತಪ್ಪೆಂದು ಗಂಡ, ಹಗ್ಗ ಕಟ್ಟಿದವನದು ತಪ್ಪೆಂದು ಅಣ್ಣ. ಅಂದಿನಿಂದ ಮಾತು ಬಿಟ್ಟರು. ಅವನೇ ಮೊದಲು ಮಾತಾಡಲಿ ಎಂದು ಇಬ್ಬರೂ ಬಿಗುಮಾನದಿಂದ ಕೂತರು. ನಡುವೆ ಸೊರಗಿದವಳು ಪುಟ್ಟಿ. ಅವಳಿಗಿರುವುದು ಒಬ್ಬನೇ ಅಣ್ಣ.

ಈಗ ಗಂಡ ಹೊಸ ಬಂಪರ್ ತಂದಿದ್ದ, ತಂತಿಹಗ್ಗ ಸುತ್ತುವ ವಿಂಚ್ ಕೂರಿಸಿದ್ದು. ಇನ್ನು ಹೂತರೆ ತಂತಿಹಗ್ಗವನ್ನು ಮರಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರಾಯಿತು, ಟ್ರಕ್ಕು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ಯಾರ ಹಂಗೂ ಬೇಡ! ಆದರೆ ಆ ಉಕ್ಕಿನ ಆನೆಯನ್ನು ಅಂಗಳದಲ್ಲಿ ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. ಪುಟ್ಟಿ ಅವನನ್ನು ಕೇಳದೆಯೇ ಅಣ್ಣನಿಗೆ ಫೋನ್ ಮಾಡಿದಳು.

ಅಣ್ಣ ಬಂದ. ಬಂಪರನ್ನು ಹಿಡಿದುಕೊಳ್ಳುವ ಎರಡು ಬ್ರಾಕೆಟ್‌ಗಳನ್ನು ಮೊದಲು ಟ್ರಕ್ಕಿನ ಚಾಸಿಗೆ ಬಿಗಿಯಬೇಕಿತ್ತು, ಒಂದು ಎಡಕ್ಕೆ, ಒಂದು ಬಲಕ್ಕೆ. ಗಂಡ ಎಡದ್ದನ್ನು ಬಿಗಿಯುತ್ತಿದ್ದಾಗ ಬೋಲ್ಟ್ ಅರ್ಧಕ್ಕೇ ನಿಂತಿತು.

“ಪುಟ್ಟಿ, ಬಲ ಹಾಕು ಅನ್ನು ನಿನ್ನ ಗಂಡಂಗೆ,” ಎಂದ ಅಣ್ಣ, ಆಕಾಶ ನೋಡುತ್ತಾ. ಹಾಗಂದು ಹಳೇ ಟೈರುಗಳನ್ನು ಉರುಳಿಸಿ ತರಲು ಹಿತ್ತಲಿಗೆ ಹೋದ.

“ರೀ, ಬಲ ಹಾಕ್ಬೇಕಂತೆ.”

ಗಂಡ ಗೊಣಗುತ್ತಾ ಎಡದ್ದನ್ನು ಬಿಚ್ಚಿ, ಅದೇ ಜಾಗಕ್ಕೆ ಬಲದ್ದನ್ನು ಹಾಕಿದ. ಉಳಿದದ್ದು ಆಚೆ ಬದಿಗೆ ಹೋಯಿತು. ಬಂಪರನ್ನು ಟೈರುಗಳ ಮೇಲೆ ಏರಿಸಿ ನೋಡಿದರೆ ಒಂದು ತೂತೂ ಕೂಡುತ್ತಿಲ್ಲ.

“ಎಡದ ಜಾಗಕ್ಕೆ ಬಲದ್ದು ಹಾಕಿದ ಬುದ್ಧಿವಂತ ಯಾರು ಅಂತ ಕೇಳು!” ಎಂದ ಅಣ್ಣ.

“ಹಾಕು ಅಂದೋರು ಯಾರು ಅಂತ ನೀನೂ ಕೇಳೇ!” ಎಂದ ಗಂಡ.

“ಪುಟ್ಟಿ, ಶಕ್ತಿ ಹಾಕು ಅಂದಿದ್ದು ನಾನು!”

ಇಬ್ಬರೂ ಪುಟ್ಟಿಯನ್ನು ದುರುಗುಟ್ಟಿ ನೋಡಿದರು. ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು, ಸಿಟ್ಟೇ ಗೆದ್ದಿತು.

“ನಾನೇನು ನಿಮ್ಮಿಬ್ಬರ ಅಂಚೆಯವಳಾ? ಇನ್ನು ನನ್ನ ಬಾಯಿಂದ ಒಂದಕ್ಷರ ಹೊರಡಲ್ಲ,” ಎಂದು ಮೆಟ್ಟಿಲ ಮೇಲೆ ಹೋಗಿ ಕೂತಳು.

ಗಂಡಸರು ಮೂಕರಂತೆ ಬ್ರಾಕೆಟ್‌ಗಳನ್ನು ಅದಲುಬದಲು ಮಾಡಿದರು. ಮತ್ತೆ ಬಂಪರಿಗೆ ಆ ತುದಿಗೊಬ್ಬ, ಈ ತುದಿಗೊಬ್ಬ. ಇವನು ಎತ್ತಿದಾಗ ಅವನು ಇಳಿಸಿದ, ಅವನು ಎತ್ತಿದಾಗ ಇವನು ಉಸ್ಸೆಂದ. ಕೊನೆಗೆ ಬೋಲ್ಟ್ ತೂರಿಸಲು ಇಬ್ಬರೂ ಒಳಗೆ ಕೈ ಹಾಕಿದ್ದೇ ತಡ, ಟೈರು ಜಾರಿತು.

“ಭಾವಾ, ಕೈ!”

ಎರಡು ಬಾಯಿ, ಒಂದೇ ಕೂಗು. ಹೆಂಡತಿಯ ಅಣ್ಣನೂ ಭಾವನೇ, ತಂಗಿಯ ಗಂಡನೂ ಭಾವನೇ. ಕೈಗಳು ಚಕ್ಕನೆ ಈಚೆ ಬಂದವು, ಬಂಪರ್ ದಢಾರನೆ ನೆಲಕ್ಕೆ ಬಿತ್ತು. ಪುಟ್ಟಿ ಓಡಿಬಂದು ಇಬ್ಬರ ಬೆರಳನ್ನೂ ಎಣಿಸಿದಳು. ಎಲ್ಲವೂ ಇದ್ದವು.

“ಮೊದಲು ಮಾತಾಡಿದ್ದು ನೀನು,” ಎಂದ ಅಣ್ಣ.

“ಹೋಗು ಭಾವ, ನೀನೇ!” ಎಂದ ಗಂಡ.

ಆ ಜಗಳ ಬಂಪರ್ ಎತ್ತುವಾಗಲೂ ನಡೆಯಿತು, ಬೋಲ್ಟ್ ಬಿಗಿಯುವಾಗಲೂ ನಡೆಯಿತು. ಈ ಸಲ ತೂತಿಗೆ ತೂತು ಸರಿಯಾಗಿ ಕೂಡಿತು.

“ಪುಟ್ಟಿ, ನಿಂಗೆ ಕೇಳಿಸ್ತಲ್ಲ? ಮೊದಲು ಯಾರು ಅಂತ ಹೇಳು ಇವನಿಗೆ!” ಎಂದ ಅಣ್ಣ.

ಪುಟ್ಟಿ ಇಬ್ಬರ ಮುಖವನ್ನೂ ನೋಡಿ ನಕ್ಕಳು.

“ಎದುರಿಗೇ ಇದ್ದಾರಲ್ಲ, ನೀನೇ ಹೇಳು,” ಎಂದು ಒಳಗೆ ಹೋದಳು.