ಓರಗಿತ್ತಿ ಹೋದ ಡಾಕ್ಟ್ರ ಹತ್ರ ನಾನು ಹೋಗಲ್ಲ

ದೊಡ್ಡಬೆಳವಂಗಲದ ಹತ್ತಿರ ಒಂದು ಹಳ್ಳಿ. ಅಲ್ಲಿ ಮುನಿಗಂಗಮ್ಮ ಎರಡು ಸಲ ಹೆತ್ತಿದ್ದಳು. ಎರಡು ಕೂಸುಗಳೂ ಮನೆಯಲ್ಲೇ ಹುಟ್ಟಿ, ಮನೆಯಲ್ಲೇ ಕಣ್ಣು ಮುಚ್ಚಿದವು. ಡಾಕ್ಟರ ಮಾತನ್ನು ಆಗ ಯಾರೂ ಎತ್ತಲಿಲ್ಲ.

ಈಗ ಓರಗಿತ್ತಿ ಪಿಳ್ಳಮ್ಮ ತುಂಬು ಬಸುರಿ. ಅವಳ ಗಂಡ ಅವರಿವರನ್ನು ವಿಚಾರಿಸಿ, ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಹೆರಿಗೆ ನೋಡುವ ಲೇಡಿ ಡಾಕ್ಟರು ಇದ್ದಾರೆಂದು ತಿಳಿದುಕೊಂಡಿದ್ದ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ. ಪಿಳ್ಳಮ್ಮ ಹೂ ಮುಡಿದು ಹೊರಟಾಗಲೆಲ್ಲ ಮುನಿಗಂಗಮ್ಮನ ಹೊಟ್ಟೆ ಉರಿಯುತ್ತಿತ್ತು. ‘ಇವಳೇನು ಮೇಲಿಂದ ಇಳಿದು ಬಂದೋಳಾ? ನನ್ನ ಯಾಕೆ ಯಾರೂ ಕರ್ಕೊಂಡು ಹೋಗ್ಲಿಲ್ಲ?’

ಮುನಿಗಂಗಮ್ಮನಿಗೂ ಆಗ ಐದು ತಿಂಗಳು ತುಂಬಿತ್ತು. ಮನೆಮನೆಗೆ ಬರುವ ನರ್ಸಮ್ಮ ನೂರುನ್ನೀಸಾ ಹೇಳಿದಳು: “ಬುಧವಾರ ಬಸುರೀರ್ನ ನೋಡ್ತಾರಮ್ಮ. ಪಿಳ್ಳಮ್ಮನ ಜೊತೆಗೇ ಬಂದ್ಬಿಡಿ.”

“ಅವಳು ಹೋಗೋ ಡಾಕ್ಟ್ರು ನಂಗ್ಯಾಕೆ? ಎರಡು ಹೆತ್ತೋಳು ನಾನು.”

ಅತ್ತೆ ಮುತ್ಯಾಲಮ್ಮನೂ ದನಿಗೂಡಿಸಿದಳು: “ನಾನು ಆರು ಹೆತ್ತೆ. ಯಾವ ಡಾಕ್ಟ್ರ ಮುಖಾನೂ ನೋಡ್ಲಿಲ್ಲ.”

ಪಿಳ್ಳಮ್ಮ ಆಸ್ಪತ್ರೆಯಲ್ಲಿ ಗಂಡುಮಗು ಹೆತ್ತಳು. ತವರಿನಲ್ಲಿ ಬಾಣಂತನ ಮುಗಿಸಿ ಮೂರನೇ ತಿಂಗಳಿಗೆ ಬಂದಾಗ ಅತ್ತೆ ಆ ಗುಂಡು ಕೂಸನ್ನು ಎತ್ತಿಕೊಂಡು ಬೀದಿಗೆಲ್ಲ ತೋರಿಸಿದಳು. ಮುನಿಗಂಗಮ್ಮ ಮಾತ್ರ ತಿರುಗಿಯೂ ನೋಡಲಿಲ್ಲ. ಅವಳಿಗೆ ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಹೇಳಿದರೆ ಅದೇ ಡಾಕ್ಟರ ಹತ್ತಿರ ಒಯ್ಯುತ್ತಾರಲ್ಲ! ಬಾಯಿ ಬಿಡಲಿಲ್ಲ.

ಪಾತ್ರೆ ತೊಳೆಯುವಾಗ ಪಿಳ್ಳಮ್ಮನೇ ಕಂಡಳು. ಅಕ್ಕನ ಕಾಲುಂಗುರ ಬೆರಳಿನ ಊತದಲ್ಲಿ ಹೂತುಹೋಗಿತ್ತು.

“ಅಕ್ಕಾ, ಹಿಂಗೆ ಊದ್ಕೊಂಡೈತಲ್ಲ! ಊತ, ತಲೆನೋವು ಬಂದ್ರೆ ಒಂದಿನಾನೂ ತಡೀಬಾರ್ದು ಅಂತ ಡಾಕ್ಟ್ರು ಹೇಳವ್ರೆ. ನಡಿ ಹೋಗೋಣ.”

“ನಿನ್ನ ಮಗ ಚೆನ್ನಾಗವ್ನಲ್ಲ, ನಿಂಗ್ಯಾಕೆ ನನ್ನ ಕಾಲು?” ಎಂದವಳಿಗೆ ಅಳು ಒತ್ತರಿಸಿ ಬಂತು. “ನನ್ನ ಮಕ್ಳು ಹೋದಾಗ ಈ ಡಾಕ್ಟ್ರು ಎಲ್ಲಿದ್ರು?”

ಬಾಗಿಲಲ್ಲಿ ನಿಂತಿದ್ದ ಅತ್ತೆ ತಲೆ ತಗ್ಗಿಸಿದಳು. “ಅಲ್ಲೇ ಇದ್ರೇನೋ ಕಣವ್ವ. ನಾನೇ ಯಾರನ್ನೂ ಕೇಳ್ಲಿಲ್ಲ.” ಆಮೇಲೆ ತಾನೇ ಹೋಗಿ ಗಾಡಿ ಕಟ್ಟಿಸಿದಳು.

ಡಾಕ್ಟರು ರಕ್ತದೊತ್ತಡ ನೋಡಿದವರೇ ಮನೆಗೆ ಕಳಿಸಲಿಲ್ಲ. “ಇನ್ನೂ ತಡ ಮಾಡಿದ್ರೆ ತಾಯಿ, ಮಗು ಇಬ್ರಿಗೂ ಅಪಾಯ ಇತ್ತು” ಎಂದು ಗದರಿದರು. ಎರಡು ವಾರ ಅಲ್ಲೇ ಮಲಗಿಸಿ ಹೆರಿಗೆ ಮಾಡಿಸಿದರು. ಹೆಣ್ಣುಮಗು. ಸಣ್ಣದು, ಆದರೆ ವಾರ್ಡೆಲ್ಲ ಎದ್ದು ಕೂರುವಂತೆ ಅತ್ತಿತು.

ನೋಡಲು ಬಂದ ಪಿಳ್ಳಮ್ಮನ ಕಂಕುಳಲ್ಲಿದ್ದ ಮಗನನ್ನು ಮುನಿಗಂಗಮ್ಮ ಮೊದಲ ಸಲ ದಿಟ್ಟಿಸಿ ನೋಡಿದಳು. “ಇರು, ಆರು ತಿಂಗ್ಳಲ್ಲಿ ನನ್ನ ಮಗಳು ಇವನ್ನ ಮೀರಿಸ್ತಾಳೆ” ಎಂದಳು. ಇಬ್ಬರೂ ನಕ್ಕರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೆ ಹತ್ತಿರ ಬಸುರಿಯರನ್ನು ನೋಡುವ ಡಾಕ್ಟರು ಎಲ್ಲಿದ್ದಾರೆ, ಯಾವ ದಿನ ನೋಡುತ್ತಾರೆ, ಯಾವ ಬಸ್ಸಿಗೆ ಹೋಗಬೇಕು? ಗೊತ್ತಿಲ್ಲದಿದ್ದರೆ ನೋವು ಬರುವ ತನಕ ಕಾಯಬೇಡಿ, ನರ್ಸಮ್ಮನನ್ನು ಕೇಳಿ. ಪಕ್ಕದ ಮನೆಯವಳನ್ನು ಕಂಡರೆ ಹೊಟ್ಟೆಕಿಚ್ಚಾದರೂ ಸರಿಯೇ, ಅವಳನ್ನೂ ಕೇಳಿ.